ಗೆರ್ನಿಕಾಕ್ಕೆ ಬಾಂಬ್ ಸದ್ದು ಹುಡುಕಬೇಡಿ

ಪ್ರಶ್ನೆ: ಪಿಕಾಸೊನ ‘ಗೆರ್ನಿಕಾ’ ಚಿತ್ರದ ಮೇಲೆ ಹತ್ತು ನಿಮಿಷದ ಪ್ರಾಯೋಗಿಕ ಧ್ವನಿಕೃತಿ ಮಾಡುತ್ತಿದ್ದೇನೆ ಸರ್. ವಿಮಾನ, ಬಾಂಬಿನ ಒಳ್ಳೆಯ ಸದ್ದು ಎಲ್ಲಿ ಸಿಗುತ್ತದೆ? ಯಕ್ಷಗಾನದ ಚೆಂಡೆ ಸೇರಿಸಿದರೆ ಯುದ್ಧದ ಎಫೆಕ್ಟ್ ಬರುತ್ತದಲ್ವಾ?
– ವಿದ್ಯಾರ್ಥಿ, ಸುರತ್ಕಲ್

ಉತ್ತರ: ಕಾಲೇಜು ಫೆಸ್ಟ್ ಹತ್ತಿರ ಬಂದಾಗಲೆಲ್ಲ ಬಾಂಬ್ ಕೇಳಿಕೊಂಡು ಪತ್ರ ಬರುತ್ತದೆ. ಮೊದಲು ಚಿತ್ರ ನೋಡಿ ಮಾರಾಯ್ರೆ. ಅದರಲ್ಲಿ ವಿಮಾನವಿಲ್ಲ. ಬಾಂಬ್ ಇಲ್ಲ. ಇರುವುದು ತೆರೆದ ಬಾಯಿಗಳು. ಸತ್ತ ಮಗುವನ್ನು ಹಿಡಿದ ತಾಯಿ, ಈಟಿ ಚುಚ್ಚಿದ ಕುದುರೆ, ಉರಿಯುವ ಮನೆಯಲ್ಲಿ ಎರಡೂ ಕೈ ಎತ್ತಿದವರು. ತಾಯಿಯ ನಾಲಗೆ ಚೂರಿಯ ಮೊನೆಯ ಹಾಗಿದೆ. ಇಂಟರ್ನೆಟ್ಟಿನಿಂದ ಇಳಿಸಿದ ಸ್ಫೋಟದ ಫೈಲ್ ಹಾಕಿದರೆ ಆ ಬಾಯಿಗಳೆಲ್ಲ ಮುಚ್ಚಿಹೋಗುತ್ತವೆ.

ಚೆಂಡೆಯೂ ಬೇಡ. ಚೆಂಡೆಯೆಂದರೆ ನನಗೆ ಪ್ರಾಣ, ಅದಕ್ಕೇ ಹೇಳುತ್ತಿದ್ದೇನೆ. ರಂಗಸ್ಥಳದ ಯುದ್ಧದಲ್ಲಿ ಎರಡು ಪಕ್ಷಗಳಿರುತ್ತವೆ, ಇಬ್ಬರ ಕೈಯಲ್ಲೂ ಆಯುಧವಿರುತ್ತದೆ, ಚೆಂಡೆ ಇಬ್ಬರಿಗೂ ಹುರುಪು ಕೊಡುತ್ತದೆ. ಸ್ಪೇನಿನ ಬಾಸ್ಕ್ ಸೀಮೆಯ ಗೆರ್ನಿಕಾದಲ್ಲಿ ಆದದ್ದು ಬೇರೆ. 1937ರ ಏಪ್ರಿಲ್ 26, ಸೋಮವಾರ, ಊರಿನ ಸಂತೆಯ ದಿನ. ಸಂಜೆ ನಾಲ್ಕೂವರೆ ಸುಮಾರಿಗೆ ಜರ್ಮನಿ, ಇಟಲಿಯ ವಿಮಾನಗಳು ಬಂದು ಊರಿನವರ ತಲೆ ಮೇಲೆ ಬೆಂಕಿ ಸುರಿದವು. ಅಲ್ಲಿ ಯಾರಿಗೆ ಹುರುಪು ಕೊಡುತ್ತೀರಿ?

ಹಾಗಾದರೆ ಏನು ಮಾಡುವುದು? ಚಿತ್ರದ ಮೇಲ್ಭಾಗದಲ್ಲಿ ಒಂದು ಬಲ್ಬ್ ಉರಿಯುತ್ತಿದೆ. ತಂತಿ ಸುರುಳಿಯ ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಹುಡುಕಿ, ಪಟ್ಟಿಯ ಹತ್ತಿರ ಮೈಕ್ ಹಿಡಿಯಿರಿ. ಮುಟ್ಟಬೇಡಿ, ಹಳೇ ಪಟ್ಟಿಗಳು ಶಾಕ್ ಹೊಡೆಯುತ್ತವೆ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಚೋಕ್ 100 ಹರ್ಟ್ಸ್‌ನಲ್ಲಿ ಗುಂಯ್ ಅನ್ನುತ್ತದೆ. ಅದು ಸಣ್ಣಗೆ, ಮೊದಲಿನಿಂದ ಕೊನೆವರೆಗೂ ಇರಲಿ.

ಕುದುರೆಯ ಮೈತುಂಬ ಪತ್ರಿಕೆಯ ಅಕ್ಷರಗಳಂಥ ಸಣ್ಣ ಗೀಟುಗಳಿವೆ. ಪ್ಯಾರಿಸ್‌ನಲ್ಲಿದ್ದ ಪಿಕಾಸೊಗೆ ಆ ದಾಳಿ ಗೊತ್ತಾದದ್ದು ಪತ್ರಿಕೆಗಳಿಂದಲೇ. ಹಳೇ ಪೇಪರನ್ನು ಮೈಕಿನಿಂದ ಒಂದು ಗೇಣು ದೂರದಲ್ಲಿ ಹರಿಯಿರಿ. ಬೇಗ ಹರಿದರೆ ಬರೀ ಪರ್ ಅನ್ನುತ್ತದೆ. ತುಂಬ ನಿಧಾನಕ್ಕೆ ಹರಿದರೆ ಒಂದೊಂದೇ ನಾರು ಬಿಡುವುದು ಕೇಳಿಸುತ್ತದೆ. ಚಿತ್ರದ ಉರಿಯುವ ಮನೆಯ ಸದ್ದಿಗೆ, ಒಡೆದ ಮಂಗಳೂರು ಹಂಚಿನ ಎರಡು ತುಂಡುಗಳನ್ನು ಒಂದಕ್ಕೊಂದು ಉಜ್ಜಿ.

ಚೀರಾಟವನ್ನಂತೂ ಹಾಕಬೇಡಿ. ಚಿತ್ರದಲ್ಲಿ ಬಾಯಿ ತೆರೆದೇ ಇದೆ, ಕೂಗು ಮಾತ್ರ ನಮಗೆ ಕೇಳುವುದಿಲ್ಲ. ನಾಲ್ಕೈದು ಜನರಿಂದ ಕೂಗುವ ಮುಂಚಿನ ಉಸಿರೆಳೆತವನ್ನಷ್ಟೇ ರೆಕಾರ್ಡ್ ಮಾಡಿ. ಉಸಿರು ಬಿಡುವ ಮೊದಲೇ ಕಟ್ ಮಾಡಿ, ಇನ್ನೊಬ್ಬರ ಉಸಿರು ಜೋಡಿಸಿ. ಕೇಳುವವರ ಎದೆ ತಾನಾಗಿ ಬಿಗಿಯುತ್ತದೆ. ಸಾವಿನ ಮನೆಯ ಅಳುವನ್ನು ಫೋನಿನಲ್ಲಿ ಹಿಡಿದು ತಂದವರೂ ಇದ್ದಾರೆ. ಅಂಥ ಕೆಲಸವನ್ನು ನಾನು ಕೇಳುವುದೂ ಇಲ್ಲ.

ರಿವರ್ಬ್, ಅಂದರೆ ಸದ್ದಿಗೆ ಹಚ್ಚುವ ಪ್ರತಿಧ್ವನಿ, ಸುರಿದರೆ ದುಃಖ ಜಾಸ್ತಿಯಾಗುತ್ತದೆ ಎಂಬುದು ಈಗಿನ ದೊಡ್ಡ ರೋಗ. ಚಿತ್ರದಲ್ಲಿರುವುದು ಕಪ್ಪು, ಬಿಳಿ, ಬೂದಿ ಬಣ್ಣ ಅಷ್ಟೇ. ಸದ್ದುಗಳೂ ಒಣಗಿಯೇ ಇರಲಿ.

ಸುತ್ತಲೂ ಸ್ಪೀಕರ್ ಇಡುವ ಸರೌಂಡ್ ಸಿಸ್ಟಮ್ಮಿಗೆ ದುಡ್ಡು ಸುರಿಯಬೇಡಿ. ಕ್ಯಾನ್ವಾಸ್ 7.77 ಮೀಟರ್ ಅಗಲ, 3.49 ಮೀಟರ್ ಎತ್ತರ. ಹತ್ತಿರ ನಿಂತರೆ ಒಂದೇ ನೋಟಕ್ಕೆ ಸಿಗುವುದಿಲ್ಲ, ನಡೆದೇ ನೋಡಬೇಕು. ಅಷ್ಟೇ ಉದ್ದದ ಗೋಡೆಗೆ ನಾಲ್ಕು ಸಣ್ಣ ಸ್ಪೀಕರ್ ಸಾಲಾಗಿ ಇಡಿ: ಎಡಕ್ಕೆ ತಾಯಿ, ನಡುವೆ ಕುದುರೆ, ಅದರ ಮೇಲೆ ಬಲ್ಬ್, ಬಲಕ್ಕೆ ಮನೆ. ಜನ ನಡೆಯುತ್ತಾ ಕೇಳಲಿ. ವಾಲ್ಯೂಮ್ ಇಬ್ಬರು ಮಾತಾಡುವಷ್ಟಿದ್ದರೆ ಸಾಕು. ಕಿವಿ ಹಾಳಾದರೆ ವಾಪಸ್ ಬರುವುದಿಲ್ಲ.

ಪ್ರಶ್ನೆ: ಚಿತ್ರವನ್ನೇ ಸದ್ದಾಗಿ ಬದಲಿಸುವ ಆ್ಯಪ್ ಬಳಸಬಹುದೇ?
– ಮಣಿಪಾಲ

ಉತ್ತರ: ಬೇಡ. ಆ್ಯಪ್‌ಗೆ ತಾಯಿಯ ಮುಖವೂ ಒಂದೇ, ಗೋಡೆಯೂ ಒಂದೇ.

ಪ್ರಶ್ನೆ: 432 ಹರ್ಟ್ಸ್‌ಗೆ ಶ್ರುತಿ ಮಾಡಿದರೆ ಕೇಳುಗರ ಮನಸ್ಸಿನ ಗಾಯ ಮಾಯುತ್ತದಂತೆ, ಹೌದೇ?
– ಕದ್ರಿ

ಉತ್ತರ: ಸುಳ್ಳು. ಇದನ್ನು ಹೇಳಿ ಕೋರ್ಸ್ ಮಾರುವವರ ಹತ್ತಿರ ಹೋಗಬೇಡಿ. ಮನಸ್ಸಿಗೆ ನಿಜವಾಗಿ ಗಾಯವಾಗಿದ್ದರೆ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಮಳೆಗಾಲದಲ್ಲಿ ಕಂಡೆನ್ಸರ್ ಮೈಕನ್ನು ಅಕ್ಕಿ ಡಬ್ಬದಲ್ಲಿ ಇಡಬಹುದೇ?
– ಮಲ್ಪೆ

ಉತ್ತರ: ಇಡಲೇಬೇಡಿ. ಅಕ್ಕಿಯ ಹುಡಿ ಜಾಲರಿಯೊಳಗೆ ಸೇರುತ್ತದೆ. ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಪೊಟ್ಟಣ ಆಗಾಗ ಬದಲಿಸಿ.