ಡಿಸಿ ಸರ್ಕ್ಯೂಟ್ ಲೆಕ್ಕ ಪ್ರತಿ ಸಲ ತಪ್ಪುತ್ತಿದೆ, ಯಾವ ಮೆಥಡ್ ಮೊದಲು ಕಲಿಯಬೇಕು?

ನೋಡಲ್, ಮೆಶ್, ಸೂಪರ್‌ಪೊಸಿಷನ್, ಥೆವೆನಿನ್, ಸರ್ಕ್ಯೂಟ್ ಬಿಡಿಸುವ ಈ ನಾಲ್ಕು ವಿಧಾನಗಳಲ್ಲಿ ಯಾವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಲಿ ಅಂತ ಕೇಳಿದ್ದೀರಿ. ಫಾರ್ಮುಲಾ ಎಲ್ಲ ಬಾಯಿಗೆ ಬರುತ್ತದೆ, ಆದರೂ ಉತ್ತರ ತಪ್ಪುತ್ತದೆ, ಬಹುಶಃ ಗಣಿತ ಕಚ್ಚಾ ಇರಬೇಕು ಅಂತಲೂ ಬರೆದಿದ್ದೀರಿ. ಆ ಕೊನೆಯ ಮಾತು ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನಾನೂ ಹಾಗೇ ಅಂದುಕೊಂಡು ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್ ಅಂತ ಇಡೀ ರಜೆ ಕೂತು ಉಜ್ಜಿದವನು. ಸಮೀಕರಣ ಬಿಡಿಸುವ ಕ್ರೇಮರ್ ನಿಯಮ ಚೆನ್ನಾಗಿ ಬಂತು. ಸರ್ಕ್ಯೂಟ್ ಬರಲಿಲ್ಲ.

ನನ್ನ ಪೇಪರ್ ಹೋದದ್ದು ಒಂದು ಮೈನಸ್ ಚಿಹ್ನೆಯ ದೆಸೆಯಿಂದ. ಗಣಿತಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಸರ್ಕ್ಯೂಟ್ ಹೇಳುತ್ತೇನೆ, ಒಂದು ಹಾಳೆ ತಗೊಂಡು ಜೊತೆಜೊತೆಗೇ ಬಿಡಿಸಿಕೊಳ್ಳಿ. ಎಡಗಡೆ 12 ವೋಲ್ಟ್ ಬ್ಯಾಟರಿ, ಅದರ ಪ್ಲಸ್‌ನಿಂದ 2 ಓಮ್ ರೆಸಿಸ್ಟರ್, ತಂತಿಗಳು ಸೇರುವ ಜಾಗವಾದ ಒಂದು ನೋಡ್‌ಗೆ ಬರುತ್ತದೆ. ಬಲಗಡೆ 6 ವೋಲ್ಟ್ ಬ್ಯಾಟರಿ, ಅದರ ಪ್ಲಸ್‌ನಿಂದ 3 ಓಮ್ ಅದೇ ನೋಡ್‌ಗೆ ಬರುತ್ತದೆ. ಆ ನೋಡ್‌ನಿಂದ 6 ಓಮ್ ಕೆಳಗಿಳಿದು, ಎರಡೂ ಬ್ಯಾಟರಿಗಳ ಮೈನಸ್ ಸೇರುವ ತಂತಿಗೆ ಹೋಗುತ್ತದೆ. ಅಷ್ಟೇ. ಪರೀಕ್ಷೆಯಲ್ಲಿ ಬಂದ ಅಂಕಿಗಳು ಬೇರೆ ಇದ್ದವು, ಆಕಾರ ಇದೇ. ಲೆಕ್ಕ ಸಲೀಸಾಗಲಿ ಅಂತ ಅಂಕಿ ನಾನು ಬದಲಿಸಿದ್ದೇನೆ.

ಎರಡೂ ಬ್ಯಾಟರಿಗಳಿಂದ ಕರೆಂಟ್ ಹೊರಟು ನೋಡ್ ಕಡೆ ಬರುತ್ತದೆ ಅಂತ ಬಾಣ ಹಾಕಿದೆ. ಎಡ ಬಲ ಎರಡು ಲೂಪ್ (ಮುಚ್ಚಿದ ಸುತ್ತು) ಸಮೀಕರಣ ಬರೆದೆ, ಬಿಡಿಸಿದೆ. ಎಡಗಡೆ ಕರೆಂಟ್ 2 ಆಂಪಿಯರ್ ಬಂತು. ಬಲಗಡೆಯದು ಮೈನಸ್ 2/3 ಆಂಪಿಯರ್. ಸರಿಯಾದ ಉತ್ತರ ಕೈಯಲ್ಲೇ ಇತ್ತು ನೋಡಿ. ಆದರೆ ಮೈನಸ್ ಕಂಡ ಕೂಡಲೇ ಎದೆ ಧಸಕ್ಕೆಂದಿತು. ಬ್ಯಾಟರಿಯ ಪ್ಲಸ್‌ನಿಂದ ಕರೆಂಟ್ ಹೊರಗೆ ಬರಬೇಕಲ್ಲ, ಒಳಗೆ ಹೇಗೆ ಹೋದೀತು? ಎಲ್ಲೋ ಚಿಹ್ನೆ ತಪ್ಪಿದೆ ಅಂದುಕೊಂಡು ಮೈನಸ್ ಅಳಿಸಿದೆ. ಬಾಣವನ್ನು ಹಾಗೇ ಬಿಟ್ಟೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಿಮ್ಮ ಉತ್ತರಗಳೂ ಇಲ್ಲೇ ಎಲ್ಲೋ ಹಾಳಾಗುತ್ತಿವೆ ಅಂತ ನನ್ನ ಗಟ್ಟಿ ಅನುಮಾನ. ಬಾಣ ಅನ್ನುವುದು ನಾವು ಕೇಳುವ ಪ್ರಶ್ನೆ: "ಕರೆಂಟ್ ಈ ಕಡೆ ಹೋಗುತ್ತಿದೆಯಾ?" ಪ್ಲಸ್ ಬಂದರೆ ಹೌದು, ಮೈನಸ್ ಬಂದರೆ ಇಲ್ಲ, ಆ ಕಡೆ. ಎರಡೂ ಪೂರ್ತಿ ಉತ್ತರಗಳೇ. ಬಾಣ ಹಾಕುವಾಗ ಸರಿ ದಿಕ್ಕನ್ನು ಊಹಿಸಬೇಕಾದ ಹಂಗು ಯಾರಿಗೂ ಇಲ್ಲ, ಕಣ್ಣು ಮುಚ್ಚಿ ಹಾಕಿದರೂ ನಡೆಯುತ್ತದೆ. ಮೈನಸ್ ನೋಡಲು ಆಗುವುದೇ ಇಲ್ಲ ಅನ್ನಿಸಿದರೆ ಬಾಣ ತಿರುಗಿಸಿ, ಚಿಹ್ನೆ ತೆಗೆಯಿರಿ, ಎರಡನ್ನೂ ಒಟ್ಟಿಗೆ ಮಾಡಿ. ಇಲ್ಲವೇ ಎರಡನ್ನೂ ಮುಟ್ಟಬೇಡಿ. ಒಂದನ್ನು ಮಾತ್ರ ಬದಲಿಸಿದರೆ ನೀವು ಬಿಡಿಸುತ್ತಿರುವುದು ಬೇರೆ ಯಾವುದೋ ಸರ್ಕ್ಯೂಟ್, ಅದೂ ಲೋಕದಲ್ಲಿ ಇಲ್ಲದೇ ಇರುವಂಥದ್ದು.

ಇಲ್ಲದೇ ಇರುವಂಥದ್ದು ಅಂದದ್ದು ಮಾತಿಗಲ್ಲ. ಮೈನಸ್ ಅಳಿಸಿದ ಮೇಲೆ ನನ್ನ ಲೆಕ್ಕದಲ್ಲಿ ನಡುವಿನ 6 ಓಮ್‌ಗೆ 2 ಜೊತೆ 2/3, ಅಂದರೆ 8/3 ಆಂಪಿಯರ್ ಹರಿಯಿತು. ಅದರ ಮೇಲೆ 16 ವೋಲ್ಟ್! ಇಡೀ ಸರ್ಕ್ಯೂಟಿನಲ್ಲಿ ದೊಡ್ಡ ಬ್ಯಾಟರಿ 12 ವೋಲ್ಟಿನದು, ಬ್ಯಾಟರಿಗಳನ್ನು ಬಿಟ್ಟರೆ ಉಳಿದವೆಲ್ಲ ಬರೀ ರೆಸಿಸ್ಟರ್, ಮೈನಸ್ ತುದಿಗಳೆಲ್ಲ ಒಂದೇ ತಂತಿಯಲ್ಲಿ. ಅಲ್ಲಿ 16 ವೋಲ್ಟ್ ಎಲ್ಲಿಂದ ಬರಬೇಕು? ಪವರ್ ನೋಡಿದರೆ ಇನ್ನೂ ಚಂದ. ಬ್ಯಾಟರಿಗಳು ಕೊಟ್ಟದ್ದು 24 ಮತ್ತು 4 ಸೇರಿ 28 ವ್ಯಾಟ್, ರೆಸಿಸ್ಟರ್‌ಗಳು ಸುಟ್ಟದ್ದು 52 ವ್ಯಾಟ್. ಇದ್ಯಾವುದನ್ನೂ ನೋಡದೆ ಅದೇ 8/3 ಹಿಡಿದು ಮುಂದಿನ ಉಪಪ್ರಶ್ನೆಗಳಿಗೆ ಓಡಿದೆ. ಎಲ್ಲವೂ ಒಂದರ ಹಿಂದೆ ಒಂದು ಬಿದ್ದವು.

ದುರಂತವೆಂದರೆ ಲ್ಯಾಬಿನಲ್ಲೂ ಅದೇ ಚಾಳಿ. ಮಲ್ಟಿಮೀಟರ್ ಮೈನಸ್ ತೋರಿಸಿದರೆ ಪ್ರೋಬ್ ಅದಲುಬದಲು ಮಾಡಿ ಪ್ಲಸ್ ಬರಿಸಿಕೊಂಡು ಬರೆದುಕೊಳ್ಳುತ್ತಿದ್ದೆ. ರೆಕಾರ್ಡ್ ನೋಡಿದ ನಮ್ಮ ಸರ್ ಕೇಳಿದರು: "ಏನಪ್ಪಾ ಇದು, ಮೂರು ಕರೆಂಟೂ ಜಂಕ್ಷನ್ನಿಗೆ ಒಳಗೇ ಬರ್ತಿದಾವೆ. ಹೊರಗೆ ಹೋಗೋದು ಯಾವುದು?" ಮೀಟರ್ ಎರರ್ ಇರಬೇಕು ಸರ್ ಅಂದೆ. "ಕೆಂಪು ವೈರ್ ಯಾವ ಕಡೆ ಇಟ್ಟಿದ್ದೆ ಅಂತ ಬರ್ಕೊಂಡಿದೀಯಾ?" ಬರೆದುಕೊಂಡಿರಲಿಲ್ಲ. ಆಮೇಲೆ ಅವರು ಬೈಯಲೂ ಇಲ್ಲ, ರೆಕಾರ್ಡ್ ಮುಚ್ಚಿ ವಾಪಸ್ ಕೊಟ್ಟರು. ಬೈದಿದ್ದರೆ ವಾಸಿ ಇತ್ತು.

ಹಾಗಾದರೆ ಆ 6 ವೋಲ್ಟ್ ಬ್ಯಾಟರಿಗೆ ಆಗುತ್ತಿರುವುದೇನು? ಚಾರ್ಜ್ ಆಗುತ್ತಿದೆ. ನೋಡ್‌ನಲ್ಲಿ 8 ವೋಲ್ಟ್ ಇದೆ (12ರಲ್ಲಿ 2 ಓಮ್ ಮೇಲಿನ 4 ಕಳೆದರೆ), ಬ್ಯಾಟರಿ ಬರೀ 6, ಆದ್ದರಿಂದ ಕರೆಂಟ್ ಅದರ ಪ್ಲಸ್‌ಗೆ ನುಗ್ಗುತ್ತದೆ. ಫೋನ್ ಚಾರ್ಜಿಗೆ ಹಾಕಿದಾಗ ಅದರ ಬ್ಯಾಟರಿಗೆ ಆಗುವುದೂ ಇದೇ. "ಬ್ಯಾಟರಿ ಯಾವಾಗಲೂ ಕೊಡುತ್ತದೆ" ಅನ್ನುವ ನಂಬಿಕೆಯನ್ನು ಯಾರು ನನ್ನ ತಲೆಗೆ ತುಂಬಿದರೋ ಗೊತ್ತಿಲ್ಲ, ಒಂದೇ ಬ್ಯಾಟರಿ ಇರುವ ಲೆಕ್ಕಗಳನ್ನೇ ಮಾಡಿ ಮಾಡಿ ತಾನಾಗಿ ಬೆಳೆದಿರಬೇಕು.

ಎಲೆಕ್ಟ್ರಾನ್ ಮೈನಸ್‌ನಿಂದ ಪ್ಲಸ್‌ಗೆ ಹೋಗುವಾಗ ಬಾಣ ಯಾವ ಕಡೆ ಹಾಕಲಿ ಅಂತ ಕೊನೆಯಲ್ಲಿ ಕೇಳಿದ್ದೀರಿ. ಸರ್ಕ್ಯೂಟ್ ಬಿಡಿಸುವಾಗ ಎಲೆಕ್ಟ್ರಾನನ್ನು ಮರೆತುಬಿಡಿ, ಕರೆಂಟ್ ಪ್ಲಸ್‌ನಿಂದ ಮೈನಸ್ ಕಡೆಗೆ ಅನ್ನುವ ಹಳೆಯ ರೂಢಿಯೇ ಸಾಕು. ಪ್ಲಸ್ ಮೈನಸ್ ಹೆಸರಿಟ್ಟದ್ದು ಬೆಂಜಮಿನ್ ಫ್ರಾಂಕ್ಲಿನ್, 18ನೇ ಶತಮಾನದಲ್ಲಿ. ಎಲೆಕ್ಟ್ರಾನ್ ಸಿಕ್ಕಿದ್ದು 1897ರಲ್ಲಿ. ಅಷ್ಟರಲ್ಲಿ ಓಮ್ 1827ರಲ್ಲೇ ತನ್ನ ನಿಯಮ ಪ್ರಕಟಿಸಿ ಆಗಿತ್ತು, ಕಿರ್ಚಾಫ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ 1845ರಲ್ಲಿ ತನ್ನ ಎರಡು ನಿಯಮ (ನೋಡ್‌ಗೆ ಬಂದಷ್ಟೇ ಕರೆಂಟ್ ಹೊರಗೆ ಹೋಗುತ್ತದೆ, ಲೂಪ್ ಒಂದು ಸುತ್ತಿದರೆ ವೋಲ್ಟೇಜ್‌ಗಳ ಮೊತ್ತ ಸೊನ್ನೆ) ಕೊಟ್ಟಿದ್ದ, ಥೆವೆನಿನ್ 1883ರಲ್ಲಿ ತನ್ನ ಪ್ರಮೇಯ ಬರೆದಿದ್ದ. ಅವರಿಗೆ ಯಾರಿಗೂ ಎಲೆಕ್ಟ್ರಾನ್ ಬೇಕಾಗಲಿಲ್ಲ, ನಿಮಗೂ ಬೇಡ.

ಈಗ ನಿಮ್ಮ ಮೂಲ ಪ್ರಶ್ನೆ, ಯಾವ ಮೆಥಡ್ ಮೊದಲು ಅನ್ನುವುದು. ನನ್ನ ಪ್ರಕಾರ ಪ್ರಶ್ನೆಯೇ ಸರಿಯಿಲ್ಲ. ಮೇಲಿನ ಸರ್ಕ್ಯೂಟನ್ನೇ ತಗೊಳ್ಳಿ. ಕೆಳಗಿನ ತಂತಿ ಗ್ರೌಂಡ್, ಅಂದರೆ ಸೊನ್ನೆ ವೋಲ್ಟ್, ನೋಡ್ ವೋಲ್ಟೇಜ್ ವಿ ಅನ್ನಿ. ನೋಡ್‌ನಿಂದ ಹೊರಗೆ ಹೋಗುವ ಕರೆಂಟ್‌ಗಳನ್ನೆಲ್ಲ ಕೂಡಿಸಿ ಸೊನ್ನೆಗೆ ಸಮ ಮಾಡಿ:

(ವಿ − 12)/2 + ವಿ/6 + (ವಿ − 6)/3 = 0

ವಿ = 8 ವೋಲ್ಟ್, ಒಂದೇ ಸಾಲಿನಲ್ಲಿ ಮುಗಿಯಿತು. ಇದು ನೋಡಲ್. ಸೂಪರ್‌ಪೊಸಿಷನ್ ಹಾಕಿದರೆ 12ರ ಬ್ಯಾಟರಿ ಒಂದೇ ಇದ್ದಾಗ (ಇನ್ನೊಂದರ ಜಾಗದಲ್ಲಿ ಬರೀ ತಂತಿ) 6 ವೋಲ್ಟ್, 6ರದ್ದು ಒಂದೇ ಇದ್ದಾಗ 2 ವೋಲ್ಟ್, ಕೂಡಿದರೆ 8. ಥೆವೆನಿನ್ ಹಾಕಿದರೆ 6 ಓಮ್ ಬಿಚ್ಚಿದಾಗ ಉಳಿದ ಸರ್ಕ್ಯೂಟೆಲ್ಲ ಒಂದು 9.6 ವೋಲ್ಟ್ ಬ್ಯಾಟರಿ ಮತ್ತು ಒಂದು 1.2 ಓಮ್‌ಗೆ ಸಮ, ಮತ್ತೆ 6 ಓಮ್ ಜೋಡಿಸಿದರೆ ಅದೇ 8. ಎಲ್ಲವೂ ಓಮ್ ನಿಯಮ ಮತ್ತು ಕಿರ್ಚಾಫ್‌ನ ಎರಡು ನಿಯಮಗಳದೇ ಬೇರೆ ಬೇರೆ ವೇಷ. ಬಾಣ, ಪ್ಲಸ್ ಮೈನಸ್ ಗುರುತು ಸರಿಯಿಲ್ಲದವನಿಗೆ ನಾಲ್ಕೂ ಕೈಕೊಡುತ್ತವೆ. (ಸೂಪರ್‌ಪೊಸಿಷನ್‌ನಲ್ಲಿ ವೋಲ್ಟೇಜ್, ಕರೆಂಟ್ ಕೂಡಬಹುದು, ಪವರ್ ಕೂಡಬಾರದು. 6 ಓಮ್‌ನಲ್ಲಿ 6 ವೋಲ್ಟಿಗೆ 6 ವ್ಯಾಟ್, 2 ವೋಲ್ಟಿಗೆ 2/3 ವ್ಯಾಟ್, ಆದರೆ ನಿಜವಾಗಿ 8 ವೋಲ್ಟಿಗೆ 32/3 ವ್ಯಾಟ್. ಎರಡಕ್ಕೂ ಅಜಗಜಾಂತರ.)

ಒಂದನ್ನು ಹೇಳಲೇಬೇಕು ಅಂದರೆ ನೋಡಲ್ ಅನ್ನುತ್ತೇನೆ, ಅದೂ "ಹೊರಗೆ ಹೋಗುವುದೆಲ್ಲ ಪ್ಲಸ್" ಅನ್ನುವ ಒಂದೇ ರೂಢಿ ಇಟ್ಟುಕೊಂಡು. ಆಗ ದಿಕ್ಕು ಊಹಿಸುವ ಚಟವೇ ಬಿಟ್ಟುಹೋಗುತ್ತದೆ. ಮೆಶ್, ಅಂದರೆ ಲೂಪ್ ಸಮೀಕರಣದ ವಿಧಾನ, ಮಾಡುವಾಗ ಎಲ್ಲ ಲೂಪ್‌ಗಳನ್ನೂ ಗಡಿಯಾರದ ಮುಳ್ಳಿನ ದಿಕ್ಕಿಗೇ ಸುತ್ತಿಸಿ, ನಡುವಿನ ರೆಸಿಸ್ಟರಿನಲ್ಲಿ ಎರಡು ಲೂಪ್ ಕರೆಂಟ್‌ಗಳ ವ್ಯತ್ಯಾಸ ಬರೆಯಿರಿ. ಹೊರಗಿನ ದೊಡ್ಡ ಲೂಪನ್ನೂ ಸೇರಿಸಿ ಮೂರನೇ ಸಮೀಕರಣ ಬರೆಯುವ ಆಸೆ ಬರುತ್ತದೆ. ಅದು ಮೊದಲೆರಡನ್ನು ಕೂಡಿದರೆ ತಾನೇ ಬರುವಂಥದ್ದು, ಹೊಸ ಸುದ್ದಿ ಏನೂ ಕೊಡುವುದಿಲ್ಲ.

ರೆಸಿಸ್ಟರಿಗೆ ಬಾಣ ಎಲ್ಲಿ ಒಳಗೆ ಹೋಗುತ್ತದೋ ಆ ತುದಿ ಪ್ಲಸ್. ಈ ಗುರುತುಗಳನ್ನು ಒಂದೇ ಒಂದು ಸಮೀಕರಣ ಬರೆಯುವ ಮೊದಲು ಚಿತ್ರದ ಮೇಲೆ ಪೆನ್ನಿನಲ್ಲಿ ಹಾಕಿ. ಪೆನ್ಸಿಲ್ ಬೇಡ, ಅಳಿಸುವ ಆಸೆ ಬರುತ್ತದೆ. ಲೆಕ್ಕ ಮುಗಿದ ಮೇಲೆ ಪವರ್ ತಾಳೆ ನೋಡದೆ ಏಳಬೇಡಿ: ಇಲ್ಲಿ 12ರ ಬ್ಯಾಟರಿ ಕೊಡುವುದು 24 ವ್ಯಾಟ್. ರೆಸಿಸ್ಟರ್‌ಗಳು 8, 4/3, 32/3, ಒಟ್ಟು 20. ಉಳಿದ 4 ಚಾರ್ಜ್ ಆಗುತ್ತಿರುವ ಬ್ಯಾಟರಿಗೆ. ಪುಸ್ತಕದ ಹಿಂದಿನ ಉತ್ತರ ನೋಡುವ ಅಗತ್ಯವೇ ಬೀಳುವುದಿಲ್ಲ.

ಸಿಮ್ಯುಲೇಟರ್ ಬಳಸಲೇ ಅಂತ ಕೇಳಿದ್ದಕ್ಕೆ, ಸದ್ಯಕ್ಕೆ ಬೇಡ. ಅದು ಉತ್ತರ ಕೊಡುತ್ತದೆ, ನೀವು ಎಲ್ಲಿ ಜಾರಿದಿರಿ ಅಂತ ಹೇಳುವುದಿಲ್ಲ. ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಬಿಡಿಭಾಗ ಚುಚ್ಚಿ ಜೋಡಿಸುವ ಹಲಗೆ) ಆದರೆ ಒಳ್ಳೆಯದು, ಆದರೆ 2 ಓಮ್ ತಂದು ಜೋಡಿಸಬೇಡಿ. 8 ವ್ಯಾಟ್ ಅಂದರೆ ಕಾಲು ವ್ಯಾಟಿನ ರೆಸಿಸ್ಟರ್ ಹೊಗೆಯಾಡುತ್ತದೆ. 2, 3, 6 ಕಿಲೋ ಓಮ್ ಹಾಕಿ, ವೋಲ್ಟೇಜ್ ಅದೇ ಇರುತ್ತದೆ, ಕರೆಂಟ್ ಮಿಲಿಆಂಪಿಯರ್‌ಗೆ ಇಳಿಯುತ್ತದೆ. 6 ವೋಲ್ಟಿನ ಕಡೆ ಲ್ಯಾಬಿನ ಪವರ್ ಸಪ್ಲೈ ಇಟ್ಟಿದ್ದರೆ ನೋಡ್‌ನಲ್ಲಿ 8ರ ಬದಲು 9ರವರೆಗೂ ತೋರಿಸೀತು, ಗಾಬರಿಯಾಗಬೇಡಿ. ಅಂಥ ಎಷ್ಟೋ ಸಪ್ಲೈಗಳು ಕರೆಂಟ್ ಕೊಡುತ್ತವೆ ಹೊರತು ಒಳಗೆ ತೆಗೆದುಕೊಳ್ಳುವುದಿಲ್ಲ, ಆಗ ಆ ಕವಲು ಕಡಿದುಹೋದಂತೆಯೇ. ರೀಚಾರ್ಜ್ ಆಗದ ಮಾಮೂಲಿ ಸೆಲ್‌ಗಳನ್ನಂತೂ ಆ ಜಾಗದಲ್ಲಿ ಇಡಲೇಬೇಡಿ.

ಓದಿ ಮುಗಿಸಿದ ಕೂಡಲೇ ಒಂದು ಕೆಲಸ ಮಾಡಿ. ಅದೇ ಸರ್ಕ್ಯೂಟಿನಲ್ಲಿ 6 ವೋಲ್ಟ್ ಬ್ಯಾಟರಿಯನ್ನು ತಲೆಕೆಳಗು ಮಾಡಿ, ಮೈನಸ್ ತುದಿ 3 ಓಮ್ ಕಡೆಗೆ ಬರಲಿ. ಬಾಣಗಳನ್ನು ಮೊದಲಿದ್ದ ಹಾಗೇ ಬಿಡಿ. ನೋಡ್ 4 ವೋಲ್ಟ್ ಬರಬೇಕು, ಬಲಗಡೆ ಕರೆಂಟ್ ಈಗಲೂ ಮೈನಸ್ಸೇ, ಮೈನಸ್ 10/3. ಆದರೆ ಈ ಸಲ ಆ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ, ಅದೂ ಕೊಡುತ್ತಿದೆ. ಎರಡು ಬ್ಯಾಟರಿ ಸೇರಿ ಕೊಡುವುದು 68 ವ್ಯಾಟ್ ಆಗದಿದ್ದರೆ ನಿಮ್ಮ ಹಾಳೆಯ ಫೋಟೋ ಕೆಳಗೆ ಹಾಕಿ, ಯಾವ ಗುರುತು ಅಳಿಸಿದ್ದೀರಿ ಅಂತ ನೋಡಿ ಹೇಳುತ್ತೇನೆ.