ಯುದ್ಧ ಗೆಲ್ಲುವುದು ಸೈನಿಕರೋ, ಕಾರ್ಖಾನೆಗಳೋ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಟೈಗರ್ ಟ್ಯಾಂಕಿಗೆ ಸರಿಸಾಟಿಯೇ ಇರಲಿಲ್ಲ ಎನ್ನುತ್ತಾರೆ. ಆದರೂ ಜರ್ಮನಿ ಸೋತಿತು. ಗೆಲುವು ಕಾರ್ಖಾನೆಗಳದ್ದು ಎನ್ನುವುದಾದರೆ ಅಮೆರಿಕ ವಿಯೆಟ್ನಾಂನಲ್ಲಿ ಸೋತದ್ದೇಕೆ?

ಉತ್ತರ: ಟೈಗರ್ ಮೋಹ ಹಲವರಿಗಿದೆ, ಆದರೆ ಲೆಕ್ಕ ಕೇಳುವವರು ಕಡಿಮೆ. ಟೈಗರ್-1 ತಯಾರಾದದ್ದು ಸುಮಾರು 1,350. ಸೋವಿಯತ್ ಒಕ್ಕೂಟದ ಟಿ-34 ಟ್ಯಾಂಕುಗಳ ಸಂಖ್ಯೆ 50 ಸಾವಿರ ದಾಟಿತ್ತು. ಅದೂ 1941ರಲ್ಲಿ ಶತ್ರು ಮುನ್ನುಗ್ಗುತ್ತಿರುವಾಗಲೇ 1,500ಕ್ಕೂ ಹೆಚ್ಚು ಕಾರ್ಖಾನೆಗಳನ್ನು ಕಳಚಿ, ರೈಲಿಗೇರಿಸಿ ಪೂರ್ವಕ್ಕೆ ಸಾಗಿಸಿದ ದೇಶದಲ್ಲಿ.

ನನಗೆ ಇನ್ನೂ ಹೆಚ್ಚು ಪಾಠ ಕಲಿಸಿದ್ದು ಯುದ್ಧದ ಸರಕು ಸಾಗಿಸಲು ಅಮೆರಿಕ ಕಟ್ಟಿದ ಲಿಬರ್ಟಿ ಹಡಗು. ಮೊದಲನೆಯದಕ್ಕೆ ಸುಮಾರು ಎಂಟು ತಿಂಗಳು ಹಿಡಿಯಿತು. ಆಮೇಲೆ ಒಂದೊಂದು ಹಡಗು ಕಟ್ಟಲು ಸರಾಸರಿ ಆರು ವಾರ ಸಾಕಾಗತೊಡಗಿತು. ಒಡಲಿನ ಭಾಗಗಳನ್ನು ಬೇರೆ ಬೇರೆ ಕಡೆ ತಯಾರಿಸಿ, ಕ್ರೇನಿನಲ್ಲಿ ಎತ್ತಿ ಕೂರಿಸಿ, ರಿವೆಟ್ ಬಡಿಯುವ ಬದಲು ಬೆಸೆಯುತ್ತಿದ್ದರು. ಆತುರಕ್ಕೆ ಬೆಲೆಯನ್ನೂ ತೆರಬೇಕಾಯಿತು: 1943ರ ಜನವರಿಯಲ್ಲಿ ಹೀಗೆ ಬೆಸೆದ ಟ್ಯಾಂಕರ್ ಹಡಗೊಂದು ಪೋರ್ಟ್‌ಲ್ಯಾಂಡಿನ ಕಟ್ಟೆಯ ಬಳಿ, ಅಲೆಯಿಲ್ಲದ ನೀರಿನಲ್ಲಿ ನಿಂತಲ್ಲೇ ನಡುವೆ ಸೀಳಿಹೋಯಿತು. ಆದರೂ ಜರ್ಮನ್ ಜಲಾಂತರ್ಗಾಮಿಗಳು ಮುಳುಗಿಸುವುದಕ್ಕಿಂತ ವೇಗವಾಗಿ ಹಡಗುಗಳು ನೀರಿಗಿಳಿದವು.

ಹಾಗೆಂದು ತಯಾರಿಕೆಯೇ ಸರ್ವಸ್ವವಲ್ಲ. 1944ರಲ್ಲಿ, ಬಾಂಬುಗಳ ಸುರಿಮಳೆಯ ನಡುವೆಯೂ ಜರ್ಮನಿ ಸುಮಾರು 40 ಸಾವಿರ ವಿಮಾನಗಳನ್ನು ತಯಾರಿಸಿತು. ಯುದ್ಧದ ಉಳಿದ ಯಾವ ವರ್ಷವೂ ಇಷ್ಟು ಆಗಿರಲಿಲ್ಲ. ಆದರೆ ಆ ಮೇ ತಿಂಗಳಿನಿಂದ ಕಲ್ಲಿದ್ದಲಿನಿಂದ ಕೃತಕ ಇಂಧನ ತಯಾರಿಸುವ ಘಟಕಗಳ ಮೇಲೆ ದಾಳಿ ಶುರುವಾಯಿತು. ಪೆಟ್ರೋಲ್ ಇಲ್ಲದೆ ಹೊಸ ಪೈಲಟ್‌ಗಳ ತರಬೇತಿ ಮೊಟಕಾಯಿತು, ಹೊಚ್ಚಹೊಸ ವಿಮಾನಗಳು ನೆಲದ ಮೇಲೆಯೇ ಉಳಿದವು.

ಇನ್ನೊಂದು ತೊಡಕು ಕಾಲದ್ದು. 2022ಕ್ಕೆ ಮೊದಲು ಅಮೆರಿಕ ತಿಂಗಳಿಗೆ ತಯಾರಿಸುತ್ತಿದ್ದ 155 ಮಿ.ಮೀ. ಫಿರಂಗಿ ಶೆಲ್‌ಗಳು ಸುಮಾರು 14 ಸಾವಿರ. ಉಕ್ರೇನ್ ಯುದ್ಧಭೂಮಿಯಲ್ಲಿ ಅವು ಕೆಲವೇ ದಿನಗಳ ಖರ್ಚು. 2024ರ ಮಾರ್ಚ್‌ ಒಳಗೆ ಹತ್ತು ಲಕ್ಷ ಶೆಲ್ ಕೊಡುತ್ತೇವೆಂದ ಯುರೋಪಿಯನ್ ಒಕ್ಕೂಟಕ್ಕೂ ಗಡುವು ಮುಟ್ಟಲಾಗಲಿಲ್ಲ. ಹಣ ಮಂಜೂರಾದ ಮಾತ್ರಕ್ಕೆ ಯಂತ್ರಗಳು, ಸಿಡಿಮದ್ದು, ಕೈ ಪಳಗಿದ ಕೆಲಸಗಾರರು ಮರುದಿನವೇ ಸಿಗುವುದಿಲ್ಲ.

ಇನ್ನು ವಿಯೆಟ್ನಾಂ. ಅಮೆರಿಕ ಅಲ್ಲಿ ಸೋಲಲು ರಾಜಕೀಯ ಕಾರಣಗಳು ಬೇಕಾದಷ್ಟಿವೆ. ಕಾರ್ಖಾನೆಯ ಮಾತಿಗಷ್ಟೇ ಉತ್ತರಿಸುವುದಾದರೆ, ಉತ್ತರ ವಿಯೆಟ್ನಾಂನಲ್ಲಿ ಬಾಂಬು ಹಾಕಿ ಕೆಡವಲು ದೊಡ್ಡ ಕಾರ್ಖಾನೆಗಳೇ ಹೆಚ್ಚಿರಲಿಲ್ಲ. ಅದರ ಶಸ್ತ್ರಾಸ್ತ್ರಗಳು ತಯಾರಾಗುತ್ತಿದ್ದುದು ಸೋವಿಯತ್ ಒಕ್ಕೂಟ ಮತ್ತು ಚೀನಾದಲ್ಲಿ. ಅಲ್ಲಿಗೆ ಬಾಂಬು ಹಾಕುವ ಧೈರ್ಯ ಅಮೆರಿಕಕ್ಕೆ ಇರಲಿಲ್ಲ.