ಕಂಪನಿ ಪೋರ್ಟಲ್ (ಉದ್ಯೋಗಿಗಳು, ಗ್ರಾಹಕರು ಲಾಗಿನ್ ಆಗಿ ಬಳಸೋ ಜಾಲತಾಣ) ಸಾಫ್ಟ್‌ವೇರ್‌ಗೆ ಇಷ್ಟೇ ರೇಟು ಅಂತ ಯಾರೂ ಯಾಕೆ ಹೇಳಲ್ಲ?

ಯಾಕಂದ್ರೆ ಲೆಕ್ಕ ಹಾಕೋ ರೀತಿಯೇ ಒಬ್ಬೊಬ್ಬರದು ಒಂದೊಂದು ಥರ. ಮೈಕ್ರೋಸಾಫ್ಟ್‌ನ ಪೋರ್ಟಲ್ ಸಾಫ್ಟ್‌ವೇರ್ ಆದ ಶೇರ್‌ಪಾಯಿಂಟ್ ಸರ್ವರ್ ತೆಗೆದುಕೊಂಡರೆ ಸರ್ವರ್‌ಗೆ ಒಂದು ಲೈಸೆನ್ಸ್, ಅದರ ಮೇಲೆ ಒಳಗಿನ ಪ್ರತಿ ಉದ್ಯೋಗಿಗೋ ಸಾಧನಕ್ಕೋ 'ಕ್ಯಾಲ್' ಅನ್ನುವ ಇನ್ನೊಂದು ಲೈಸೆನ್ಸ್ ಬೇಕು. ಹೊರಗಿನ ಗ್ರಾಹಕರಿಗೆ ಮಾತ್ರ 2013ರ ಆವೃತ್ತಿಯಿಂದ ಈಚೆಗೆ ಅದು ಬೇಕಿಲ್ಲ. ಒರಾಕಲ್‌ನ ಪ್ರೊಸೆಸರ್ ಲೆಕ್ಕವೇ ಬೇರೆ. ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕಗಳಾದ ಕೋರ್‌ಗಳ ಸಂಖ್ಯೆಯನ್ನು ಒಂದು ಅಂಕಿಯಿಂದ ಗುಣಿಸುತ್ತಾರೆ, ಇಂಟೆಲ್ ಜಿಯಾನ್ ಚಿಪ್‌ಗೆ ಅದು 0.5, ಅಂದರೆ 16 ಕೋರ್ ಯಂತ್ರಕ್ಕೆ 8 ಲೈಸೆನ್ಸ್. ಇದರಲ್ಲಿ ಬಳಸುವವರ ತಲೆ ಎಣಿಸಲ್ಲ, ಹಾಗಾಗಿ ಅವರು ತುಂಬಾ ಜಾಸ್ತಿ ಇದ್ದರೆ ಈ ಲೆಕ್ಕವೇ ವಾಸಿ. ಲೈಫ್‌ರೇ ಅನ್ನುವ ಇನ್ನೊಂದು ಪೋರ್ಟಲ್ ಸಾಫ್ಟ್‌ವೇರ್‌ನ ಕಮ್ಯುನಿಟಿ ಆವೃತ್ತಿ ಪುಕ್ಕಟೆ ಅಲ್ವಾ ಅಂತೀರಿ. ನಿಜ, ಆದರೆ ಲೈಫ್‌ರೇ ಕಂಪನಿಯ ಸಪೋರ್ಟ್ ಬೇಕಂದ್ರೆ ಚಂದಾ ಕಟ್ಟಲೇಬೇಕು. ಕೊಟೇಶನ್ ಬಂದ ಕೂಡಲೇ ಸುಮ್ನೆ ತಲೆ ಆಡಿಸಬೇಡಿ, ಟೆಸ್ಟ್ ಸರ್ವರ್‌ಗೂ ಬ್ಯಾಕಪ್ ಸರ್ವರ್‌ಗೂ ಬೇರೆ ದುಡ್ಡು ಕೊಡಬೇಕಾ ಅಂತ ಮೊದಲು ಕೇಳಿ. ಜೇಬಿಗೆ ಕತ್ತರಿ ಬೀಳೋದು ಅಲ್ಲೇ.